ನಾಯಿಯ ಹೊಟ್ಟೆ ಪದೇ ಪದೇ ಕೆಡುತ್ತಿದ್ದರೆ ಏನು ಮಾಡಬೇಕು, ಯಾವುದು ಮೊದಲು

ನಾಯಿಗೆ ಒಂದೆರಡು ದಿನ ಹೊಟ್ಟೆ ಕೆಡುವುದು ದೊಡ್ಡ ವಿಷಯವಲ್ಲ. ಬೀದಿಯಲ್ಲಿ ಏನೋ ನೆಕ್ಕಿರುತ್ತದೆ, ಕಸದ ಚೀಲಕ್ಕೆ ಬಾಯಿ ಹಾಕಿರುತ್ತದೆ. ಒಂದು ಹೊತ್ತು ಸುಮ್ನೆ ಮಲಗಿ ಮರುದಿನ ಸರಿಹೋಗುತ್ತದೆ. ಈ ಲೇಖನ ಆ ನಾಯಿಗಳಿಗಲ್ಲ. ಮಾತ್ರೆ ಕೊಟ್ಟಾಗ ನಿಂತು, ನಿಲ್ಲಿಸಿದ ಕೂಡಲೇ ಮತ್ತೆ ಶುರುವಾಗುವ ಭೇದಿ, ವಾರಕ್ಕೆ ಎರಡು ಮೂರು ಸಲ ವಾಂತಿ, ಎಷ್ಟು ತಿಂದರೂ ಮೈ ಹತ್ತದಿರುವುದು, ಇಂಥ ತೊಂದರೆ ಇರುವ ನಾಯಿಗಳಿಗೆ. ಮೂರು ವಾರ ದಾಟಿದರೆ, ಬಿಟ್ಟು ಬಿಟ್ಟು ಬಂದರೂ ಸರಿ, ವೈದ್ಯರು ಅದನ್ನು ದೀರ್ಘಕಾಲದ ತೊಂದರೆ ಎಂದೇ ಲೆಕ್ಕ ಹಾಕುತ್ತಾರೆ.

ಬೆಂಗಳೂರಿನಲ್ಲಿ ಇಂಥ ನಾಯಿಯ ಕತೆ ಹೆಚ್ಚಾಗಿ ಒಂದೇ ತರ ಇರುತ್ತದೆ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್, ಐದು ದಿನದ ಮೆಟ್ರೊನಿಡಜೋಲ್. ವಾರ ಚೆನ್ನಾಗಿರುತ್ತದೆ. ಮತ್ತೆ ಭೇದಿ. ಬೇರೆ ಕ್ಲಿನಿಕ್, ಬೇರೆ ಆ್ಯಂಟಿಬಯಾಟಿಕ್. ಹಳೆಯ ಚೀಟಿ ಕಳೆದುಹೋಗಿರುತ್ತದೆ, ಕಕ್ಕ ಪರೀಕ್ಷೆ ಒಂದು ಸಲವೂ ಆಗಿರುವುದಿಲ್ಲ. ಇದರಲ್ಲಿ ವೈದ್ಯರ ತಪ್ಪೇ ಜಾಸ್ತಿ ಎಂದೇನೂ ನಾನು ಹೇಳುವುದಿಲ್ಲ. ಪ್ರತಿ ಸಲ ಹೊಸಬರ ಮುಂದೆ ಹೋಗಿ ‘ನಿನ್ನೆಯಿಂದ ಭೇದಿ’ ಎಂದರೆ ಅವರು ನಿನ್ನೆಯ ಭೇದಿಗೇ ಔಷಧಿ ಕೊಡುತ್ತಾರೆ, ಅಲ್ವಾ? ಆದ್ದರಿಂದ ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳಿ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಈ ಕಾಯಿಲೆಯಲ್ಲಿ ಬಹಳ ಮುಖ್ಯ. ಮೊದಲು ಕಕ್ಕ, ಆಮೇಲೆ ರಕ್ತ, ಆಮೇಲೆ ಪಥ್ಯ. ಸ್ಟೆರಾಯ್ಡ್, ಎಂಡೋಸ್ಕೋಪಿ ಎಲ್ಲ ಅದರ ನಂತರ. ಕರುಳಿನ ದೀರ್ಘಕಾಲದ ತೊಂದರೆ ಇರುವ ನಾಯಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಊಟ ಬದಲಿಸಿದ್ದಕ್ಕೇ ಸುಧಾರಿಸುತ್ತವೆ.

ಇವು ಕಂಡರೆ ಮುಂದೆ ಓದಬೇಡಿ, ಹೊರಡಿ

ಹೊಟ್ಟೆ ಉಬ್ಬಿಕೊಂಡು, ಓಕರಿಸಿದರೂ ಏನೂ ಹೊರಗೆ ಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್ ತರದ ಎದೆ ಆಳವಾದ ದೊಡ್ಡ ನಾಯಿಗಳಿಗೆ ಇದರ ಅಪಾಯ ಜಾಸ್ತಿ. ಗಂಟೆಗಳಲ್ಲೇ ಜೀವ ಹೋಗುತ್ತದೆ, ಅರ್ಧರಾತ್ರಿಯಾದರೂ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೇ ಹೋಗಿ. ವಸಡು ಬಿಳಿಚಿಕೊಂಡಿದ್ದರೆ, ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ ಬಂದರೆ, ಕುಡಿದ ನೀರೂ ನಿಲ್ಲದಿದ್ದರೆ, ನಾಯಿ ಕುಸಿದು ಬಿದ್ದರೆ ಅಂದೇ ತೋರಿಸಿ. ಮರಿಗಳಿಗೆ ರಕ್ತಭೇದಿಯಾದರೆ ಮೊದಲು ಪಾರ್ವೊ ಎಂಬ ವೈರಸ್ ಕಾಯಿಲೆಯ ಅನುಮಾನ ಬರಬೇಕು, ಅದೂ ಕಾಯುವ ಕಾಯಿಲೆಯಲ್ಲ.

ವಾರ ಪೂರ್ತಿ ಬರೆದಿಡಿ

ವೈದ್ಯರ ಹತ್ತಿರ ಹೋಗುವ ಮುಂಚೆ ಒಂದು ವಾರ ಫೋನಿನಲ್ಲೇ ಡೈರಿ ಇಡಿ. ಯಾವಾಗ ತಿಂದಿತು, ಏನು ತಿಂದಿತು, ಯಾವಾಗ ವಾಂತಿ, ದಿನಕ್ಕೆ ಎಷ್ಟು ಸಲ ಕಕ್ಕ, ಹೇಗಿತ್ತು. ಫೋಟೊ ತೆಗೆಯಿರಿ. ಕಕ್ಕದ ಫೋಟೊ ತೋರಿಸಲು ನಾಚಿಕೆ ಬೇಡ, ವೈದ್ಯರು ನೋಡುವುದೇ ಅದನ್ನು. ವಾಂತಿ ಮಾಡುವಾಗ ವಿಡಿಯೊ ಸಿಕ್ಕರೆ ಇನ್ನೂ ಒಳ್ಳೆಯದು. ಏಕೆಂದರೆ ನಾವು ವಾಂತಿ ಎನ್ನುವುದೆಲ್ಲ ವಾಂತಿಯಲ್ಲ. ಹೊಟ್ಟೆ ಹಿಂಡಿಕೊಂಡು, ಜೊಲ್ಲು ಸುರಿಸಿ, ಓಕರಿಸಿ ಹೊರಹಾಕಿದರೆ ಅದು ವಾಂತಿ. ತಲೆ ಬಗ್ಗಿಸಿದ ಕೂಡಲೇ ತಿಂದದ್ದು ಹಾಗೇ, ಕೆಲವು ಸಲ ಕೊಳವೆ ಆಕಾರದಲ್ಲೇ, ಸಲೀಸಾಗಿ ಬಿದ್ದರೆ ತೊಂದರೆ ಜಠರದ್ದಲ್ಲ, ಅನ್ನನಾಳದ್ದು. ಅದಕ್ಕೆ ಎದೆಯ ಎಕ್ಸ್‌ರೇ ಬೇಕು, ದಾರಿಯೇ ಬೇರೆ. ಪಗ್, ಫ್ರೆಂಚ್ ಬುಲ್‌ಡಾಗ್ ತರದ ಚಪ್ಪಟೆ ಮೂತಿಯ ನಾಯಿಗಳಲ್ಲಿ ಇದು ಸಾಕಷ್ಟು ಕಾಣುತ್ತದೆ.

ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ಕಾರಿಕೊಂಡು, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡಾಡುವ ನಾಯಿಗಳಿವೆ. ಪಿತ್ತ ಜಠರಕ್ಕೆ ಬಂದು ಹೀಗಾಗುತ್ತದೆ. ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಊಟ ಕೊಟ್ಟು ನೋಡಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಭೇದಿಯಲ್ಲೂ ಎರಡು ಜಾತಿ. ಸಣ್ಣ ಕರುಳು ಕೆಟ್ಟರೆ ದಿನಕ್ಕೆ ಎರಡು ಮೂರು ಸಲವೇ ಹೋದರೂ ರಾಶಿ ರಾಶಿ ಹೋಗುತ್ತದೆ, ನಾಯಿ ಸೊರಗುತ್ತಾ ಬರುತ್ತದೆ. ದೊಡ್ಡ ಕರುಳು ಕೆಟ್ಟರೆ ಮೇಲಿಂದ ಮೇಲೆ ಬಾಗಿಲ ಹತ್ತಿರ ಓಡುತ್ತದೆ, ತಿಣುಕುತ್ತದೆ, ಬರುವುದು ಒಂದು ಚಮಚ. ಅದರಲ್ಲಿ ಲೋಳೆ, ಕೊನೆಯಲ್ಲಿ ಕೆಂಪು ರಕ್ತ. ಆದರೆ ತೂಕ ಇಳಿಯುವುದಿಲ್ಲ. ಕೆಂಪು ರಕ್ತ ನೋಡಿದರೆ ಎದೆ ಧಸಕ್ಕೆನ್ನುತ್ತದೆ ನಿಜ, ಆದರೆ ಅದಕ್ಕಿಂತ ಭಯಪಡಬೇಕಾದದ್ದು ಕಪ್ಪು ಮಲಕ್ಕೆ. ಅದು ಜಠರ ಅಥವಾ ಮೇಲಿನ ಕರುಳಿನಲ್ಲಿ ಒಸರಿ ಜೀರ್ಣವಾದ ರಕ್ತ. ಲಿವರ್ ತಿಂದ ಮರುದಿನ, ಕಬ್ಬಿಣದ ಟಾನಿಕ್ ಕುಡಿದಾಗಲೂ ಕಪ್ಪಾಗುತ್ತದೆ, ಅದನ್ನು ನೆನಪಿಟ್ಟುಕೊಂಡು ಹೇಳಿ.

ತೂಕವನ್ನೂ ಬರೆಯಿರಿ. ಸಣ್ಣ ನಾಯಿಯಾದರೆ ಎತ್ತಿಕೊಂಡು ಮನೆಯ ತೂಕದ ಮಷೀನ್ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಕೂದಲು ದಟ್ಟವಾದ ಗೋಲ್ಡನ್ ರಿಟ್ರೀವರ್, ಶಿಟ್ಜುಗಳಲ್ಲಿ ಸೊರಗಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಪಕ್ಕೆಲುಬು ಮುಟ್ಟಿ ನೋಡಿ.

ಬಾಯಿಗೆ ಹೋಗುತ್ತಿರುವುದು ಏನೇನು?

‘ನಮ್ಮ ನಾಯಿಗೆ ಡಾಗ್ ಫುಡ್ ಬಿಟ್ಟು ಬೇರೇನೂ ಹಾಕಲ್ಲ’ ಎನ್ನುವ ಮನೆಗಳಲ್ಲಿ ಕುಳಿತು ಕೇಳುತ್ತಾ ಹೋದರೆ ಪಟ್ಟಿ ಬೆಳೆಯುತ್ತದೆ. ಬೆಳಿಗ್ಗೆ ತಾತ ಕಾಫಿ ಜೊತೆ ಕೊಡುವ ಬಿಸ್ಕತ್ತು. ಮಧ್ಯಾಹ್ನ ಅಜ್ಜಿಯ ಮೊಸರನ್ನ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಪ್ರೀತಿಯಿಂದ ಹಾಕುವ ಬನ್ನು. ಭಾನುವಾರದ ಚಿಕನ್ ಮೂಳೆ. ಹಲ್ಲಿಗೆ ಒಳ್ಳೆಯದೆಂದು ತಂದ ಚರ್ಮದ ಕಡ್ಡಿ. ಕೆಲಸದವರು, ಮಕ್ಕಳು, ಪಕ್ಕದ ಮನೆಯವರು, ಎಲ್ಲರನ್ನೂ ಕೇಳಿ ಬರೆಯಿರಿ. ನೀರು ಕಾವೇರಿಯದೋ, ಬೋರ್‌ವೆಲ್ಲಿನದೋ, ಟ್ಯಾಂಕರಿನದೋ ಅದನ್ನೂ ಬರೆಯಿರಿ. ವಾಕಿಂಗ್‌ನಲ್ಲಿ ಗುಂಡಿಯ ನೀರು ಕುಡಿಯುವ ಅಭ್ಯಾಸವಿದ್ದರೆ ಅದನ್ನು ಮೊದಲ ಸಾಲಲ್ಲೇ ಹಾಕಿ.

ಹಾಲಿನ ಬಗ್ಗೆ ಒಂದು ಮಾತು. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕಡಿಮೆ. ಮೊಸರಿನಲ್ಲಿ ಆ ಸಕ್ಕರೆ ಸ್ವಲ್ಪ ಕಡಿಮೆಯಿರುವುದರಿಂದ ಕೆಲವು ನಾಯಿಗಳಿಗೆ ಆಗಿಬರುತ್ತದೆ. ಆದರೆ ಹಾಲಿನ ಪ್ರೋಟೀನೇ ಒಗ್ಗದ ನಾಯಿಗೆ ಮೊಸರೂ ಆಗುವುದಿಲ್ಲ. ನಾಯಿಗಳಲ್ಲಿ ಆಹಾರದ ಅಲರ್ಜಿ ಜಾಸ್ತಿ ಕಾಣುವುದು ದನದ ಮಾಂಸ, ಹಾಲಿನ ಪದಾರ್ಥ, ಚಿಕನ್, ಗೋಧಿಗೆ. ಹಾಲು ಚಪಾತಿ ಹಾಕುವ ಮನೆಗಳಲ್ಲಿ ಇವುಗಳಲ್ಲಿ ಎರಡು ಒಂದೇ ತಟ್ಟೆಯಲ್ಲಿ ಇರುತ್ತವೆ.

ಹಬ್ಬದ ದಿನಗಳನ್ನೂ ನೋಡಿ. ತುಪ್ಪ, ಕರಿದದ್ದು ತಿಂದ ಮೇಲೆಯೇ ವಾಂತಿ ಬರುತ್ತಿದ್ದರೆ, ಮುಂಗಾಲು ಚಾಚಿ ಎದೆ ನೆಲಕ್ಕೊತ್ತಿ ಹಿಂಭಾಗ ಮೇಲೆತ್ತಿ ನಿಲ್ಲುತ್ತಿದ್ದರೆ ಅದು ಮೇದೋಜೀರಕ ಗ್ರಂಥಿಯ ಊತವಿರಬಹುದು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು ಬೇಡ. ಪಾಯಸದ ಒಣದ್ರಾಕ್ಷಿ ಕಿಡ್ನಿಗೇ ಪೆಟ್ಟು ಕೊಡುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ತೋಟಗಳಿಂದ ಬುಟ್ಟಿ ತರುವವರು ಅದನ್ನು ಎತ್ತರದಲ್ಲಿಡಿ. ಮಾವಿನ ಓಟೆ, ಮುಸುಕಿನ ಜೋಳದ ದಿಂಡು ಕರುಳಲ್ಲಿ ಅರ್ಧಂಬರ್ಧ ಸಿಕ್ಕಿಕೊಂಡು ವಾರಗಟ್ಟಲೆ ಬಿಟ್ಟು ಬಿಟ್ಟು ವಾಂತಿ ಮಾಡಿಸಬಲ್ಲವು.

ಕೊಡುತ್ತಿರುವ ಮಾತ್ರೆಗಳನ್ನೂ ಬರೆಯಿರಿ. ಕಾಲು ನೋವಿಗೆಂದು ತಿಂಗಳುಗಟ್ಟಲೆ ಮೆಲಾಕ್ಸಿಕ್ಯಾಮ್ ನಡೆಯುತ್ತಿದ್ದರೆ ವಾಂತಿಗೆ ಅದೇ ಕಾರಣವಿರಬಹುದು. ನಮ್ಮ ಡಬ್ಬಿಯ ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಂತೂ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ.

ಕಕ್ಕ ಪರೀಕ್ಷೆ, ಅದೂ ಒಂದೇ ಸಲ ಅಲ್ಲ

ಇಷ್ಟು ಅಗ್ಗದ, ಇಷ್ಟು ಉಪಯೋಗದ ಪರೀಕ್ಷೆ ಬೇರೆ ಇಲ್ಲ. ಆದರೂ ಎಲ್ಲರೂ ಹಾರಿಸುವುದು ಇದನ್ನೇ. ತಾಜಾ ಕಕ್ಕವನ್ನು ಮೆಡಿಕಲ್ ಶಾಪಿನಲ್ಲಿ ಸಿಗುವ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಸಾಧ್ಯವಾದರೆ ಎರಡು ಮೂರು ಗಂಟೆಯೊಳಗೆ ಕೊಡಿ. ತಡವಾದರೆ ಫ್ರಿಜ್‌ನಲ್ಲಿಡಿ, ಮನೆಯವರಿಗೆ ಹೇಳಿ ಇಡಿ. ಮೂರು ಬೇರೆ ಬೇರೆ ದಿನದ ಸ್ಯಾಂಪಲ್ ನೋಡುವುದು ಒಳ್ಳೆಯದು. ಹುಳದ ಮೊಟ್ಟೆ ಮತ್ತು ಜಿಯಾರ್ಡಿಯಾ ಎಂಬ ಕಣ್ಣಿಗೆ ಕಾಣದ ಕರುಳಿನ ಪರಾವಲಂಬಿ ದಿನಾ ಹೊರಗೆ ಬರುವುದಿಲ್ಲ. ಜಿಯಾರ್ಡಿಯಾಗೆ ಕಿಟ್ ಪರೀಕ್ಷೆಯೂ ಇದೆ, ‘ಅದನ್ನೂ ಸೇರಿಸಿ’ ಎಂದು ನೀವೇ ಕೇಳಿ.

ರಿಪೋರ್ಟ್‌ನಲ್ಲಿ ಏನೂ ಕಾಣದಿದ್ದರೂ ಬಹಳ ವೈದ್ಯರು ಫೆನ್‌ಬೆಂಡಜೋಲ್ ಎಂಬ ಜಂತಿನ ಔಷಧಿಯನ್ನು ಮೂರರಿಂದ ಐದು ದಿನ ಕೊಡುತ್ತಾರೆ. ಅದು ಸರಿಯಾದ ಕ್ರಮ. ಚಾಟಿಹುಳ ಎಂಬ ಒಂದು ಜಂತು ದೊಡ್ಡ ಕರುಳಿನಲ್ಲಿ ಕುಳಿತು ಲೋಳೆ ರಕ್ತದ ಭೇದಿ ಮಾಡಿಸುತ್ತದೆ. ಅದರ ಮೊಟ್ಟೆ ಮಲದಲ್ಲಿ ಕಾಣಿಸಲು ಸೋಂಕಾಗಿ ಸುಮಾರು ಮೂರು ತಿಂಗಳು ಬೇಕು. ಆದ್ದರಿಂದ ಅದಕ್ಕೆ ಮೂರು ವಾರದ ನಂತರ, ಮತ್ತೆ ಮೂರು ತಿಂಗಳಿಗೆ ಔಷಧಿ ಪುನಃ ಕೊಡಬೇಕಾಗುತ್ತದೆ. ‘ಆರು ತಿಂಗಳಿಗೊಮ್ಮೆ ಜಂತಿನ ಮಾತ್ರೆ ಹಾಕ್ತೀವಿ’ ಎಂದರೆ ಜಂತಿಲ್ಲ ಎಂದರ್ಥವಲ್ಲ. ಪೇಟೆಯ ಮಾತ್ರೆಗಳಲ್ಲಿ ಕೆಲವು ಚಾಟಿಹುಳಕ್ಕೂ ಜಿಯಾರ್ಡಿಯಾಗೂ ಕೆಲಸವೇ ಮಾಡುವುದಿಲ್ಲ.

ಜಿಯಾರ್ಡಿಯಾ ಸಿಕ್ಕರೆ ಔಷಧಿಯ ಕೊನೆಯ ದಿನ ನಾಯಿಗೆ ಸ್ನಾನ ಮಾಡಿಸಿ, ಹಿಂಭಾಗದ ಕೂದಲನ್ನು ಚೆನ್ನಾಗಿ ತೊಳೆಯಿರಿ. ಇಲ್ಲದಿದ್ದರೆ ನೆಕ್ಕಿಕೊಂಡು ಅದೇ ಮತ್ತೆ ಒಳಗೆ ಹೋಗುತ್ತದೆ.

ರಕ್ತ ಪರೀಕ್ಷೆಯಲ್ಲಿ ಏನು ಕೇಳಬೇಕು

ಕಕ್ಕ ಸರಿಯಿದ್ದೂ ತೊಂದರೆ ಮುಂದುವರಿದರೆ, ಅಥವಾ ನಾಯಿ ಸೊರಗುತ್ತಿದ್ದರೆ, ರಕ್ತ ಕೊಡಿಸಿ. ಹೊಟ್ಟೆಯ ತೊಂದರೆ ಎಲ್ಲ ಹೊಟ್ಟೆಯಿಂದಲೇ ಹುಟ್ಟುವುದಿಲ್ಲ. ಕಿಡ್ನಿ, ಲಿವರ್ ಕೆಟ್ಟ ನಾಯಿಯೂ ತಿಂಗಳುಗಟ್ಟಲೆ ವಾಂತಿ ಮಾಡುತ್ತದೆ. ಉಣ್ಣೆ ಕಚ್ಚಿ ಬರುವ ಜ್ವರ ನಮ್ಮ ಊರಲ್ಲಿ ಧಾರಾಳ, ಅದರಲ್ಲೂ ಊಟ ಬಿಡುವುದು, ತೂಕ ಇಳಿಯುವುದು ಉಂಟು. ಪ್ಲೇಟ್‌ಲೆಟ್ ಕಡಿಮೆ ಬಂದರೆ ಆ ಕಡೆ ನೋಡಬೇಕು.

ರಿಪೋರ್ಟ್ ಕೈಗೆ ಬಂದಾಗ ನೀವು ಮೊದಲು ಹುಡುಕಬೇಕಾದ ಸಾಲು ಆಲ್ಬುಮಿನ್, ಅಂದರೆ ರಕ್ತದಲ್ಲಿರುವ ಒಂದು ಪ್ರೋಟೀನು. ಇದು ಡೆಸಿಲೀಟರಿಗೆ 2 ಗ್ರಾಂಗಿಂತ (g/dL) ಕೆಳಗಿದ್ದರೆ, ಕಿಡ್ನಿ, ಲಿವರ್ ಸರಿಯಿದ್ದರೆ, ಪ್ರೋಟೀನು ಕರುಳಿನಿಂದ ಸೋರಿಹೋಗುತ್ತಿದೆ ಎಂದರ್ಥ. ಹೊಟ್ಟೆಯಲ್ಲಿ ನೀರು ತುಂಬಬಹುದು, ರಕ್ತ ಹೆಪ್ಪುಗಟ್ಟಬಹುದು. ಇಂಥ ನಾಯಿಗೆ ‘ಪಥ್ಯ ಮಾಡಿ ನೋಡೋಣ’ ಎಂದು ವಾರಗಟ್ಟಲೆ ಕಾಯುವಂತಿಲ್ಲ.

ಆಮೇಲೆ ಸೋಡಿಯಂ, ಪೊಟ್ಯಾಷಿಯಂ. ಇವೆರಡರ ಲೆಕ್ಕ ತಪ್ಪಿದ್ದರೆ ಆ್ಯಡಿಸನ್ ಅನುಮಾನ ಬರಬೇಕು. ಆ್ಯಡಿಸನ್ ಎಂಬ ಕಾಯಿಲೆಯಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕೆಲಸ ಬಿಡುತ್ತದೆ. ನಾಯಿ ಬಿಟ್ಟು ಬಿಟ್ಟು ವಾಂತಿ ಭೇದಿ ಮಾಡುತ್ತದೆ, ಸುಸ್ತಾಗುತ್ತದೆ, ಡ್ರಿಪ್ ಹಾಕಿದರೆ ಎದ್ದು ಕೂರುತ್ತದೆ, ಮತ್ತೆ ಬೀಳುತ್ತದೆ. ಪಟಾಕಿ, ಪ್ರಯಾಣ, ಬೋರ್ಡಿಂಗ್ ಆದ ಮೇಲೆ ಜಾಸ್ತಿಯಾಗುತ್ತದೆ. ವರ್ಷಗಟ್ಟಲೆ ಹೊಟ್ಟೆ ಕಾಯಿಲೆ ಎಂದೇ ಔಷಧಿ ತಿನ್ನುವ ನಾಯಿಗಳಿವೆ. ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಪರೀಕ್ಷೆ ಒಂದು ಮಾಡಿಸಿ. ಅದು ಡೆಸಿಲೀಟರಿಗೆ 2 ಮೈಕ್ರೊಗ್ರಾಂ (µg/dL) ದಾಟಿದ್ದರೆ ಆ್ಯಡಿಸನ್ ಬಹುಮಟ್ಟಿಗೆ ಇಲ್ಲ. ಕೆಳಗಿದ್ದರೆ ಇನ್ನೊಂದು ಖಚಿತ ಪರೀಕ್ಷೆ ಬೇಕು. ಸ್ಟೆರಾಯ್ಡ್ ಇಂಜೆಕ್ಷನ್ ಆಗಿದ್ದರೆ ಈ ಫಲಿತಾಂಶ ನಂಬುವಂತಿಲ್ಲ, ಆದ್ದರಿಂದ ಹಳೆಯ ಚೀಟಿ ತೋರಿಸಿ.

ಹೊಟ್ಟೆಬಾಕನಂತೆ ತಿಂದು, ಎಲುಬು ಕಾಣುವಷ್ಟು ಸೊರಗಿ, ಜಿಡ್ಡು ಜಿಡ್ಡಾಗಿ ರಾಶಿ ಕಕ್ಕ ಹಾಕುವ ಜರ್ಮನ್ ಶೆಫರ್ಡ್ ಕಂಡರೆ ಅನುಮಾನ ಮೇದೋಜೀರಕದ ಮೇಲೆ. ಅದು ಜೀರ್ಣರಸ ಮಾಡುವುದನ್ನೇ ನಿಲ್ಲಿಸಿರುತ್ತದೆ. ಟಿಎಲ್‌ಐ ಎಂಬ ರಕ್ತ ಪರೀಕ್ಷೆ ಖಾಲಿ ಹೊಟ್ಟೆಯಲ್ಲಿ ಮಾಡುತ್ತಾರೆ. ಎಲ್ಲ ಲ್ಯಾಬಿನಲ್ಲೂ ಆಗುವುದಿಲ್ಲ, ಮೊದಲೇ ಫೋನ್ ಮಾಡಿ. ಖಚಿತವಾದರೆ ಪ್ರತಿ ಊಟಕ್ಕೂ ಎಂಜೈಮ್ ಪುಡಿ ಬೆರೆಸಬೇಕು, ಜೀವನ ಪೂರ್ತಿ. ಖರ್ಚಿನ ಕೆಲಸ, ಆದರೆ ನಾಯಿ ಚೆನ್ನಾಗಿ ಬದುಕುತ್ತದೆ.

ಬಿ12 ಮಟ್ಟವನ್ನೂ ನೋಡಿಸಿ. ಇದು ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯಲ್ಲಿ. ಕಡಿಮೆಯಿದ್ದರೆ ಬೇರೆ ಏನು ಔಷಧಿ ಕೊಟ್ಟರೂ ನಾಯಿ ಚೇತರಿಸಿಕೊಳ್ಳುವುದು ನಿಧಾನ.

ಸ್ಕ್ಯಾನಿಂಗ್

ಎಂಟರಿಂದ ಹನ್ನೆರಡು ಗಂಟೆ ಊಟ ಕೊಡದೆ ಕರೆದೊಯ್ಯಿರಿ, ಹೊಟ್ಟೆಯ ಕೂದಲು ಬೋಳಿಸುತ್ತಾರೆ. ಗಡ್ಡೆ, ಸಿಕ್ಕಿಕೊಂಡ ವಸ್ತು, ಕರುಳಿನ ಗೋಡೆಯ ದಪ್ಪ ಗೊತ್ತಾಗುತ್ತದೆ. ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ಕರುಳು ನಾರ್ಮಲ್ ಅಲ್ಲ. ವಯಸ್ಸಾದ ನಾಯಿಗೆ ತಪ್ಪಿಸಬೇಡಿ. ನಾಯಿ ಎಳೆಯದಾಗಿ, ಲವಲವಿಕೆಯಿಂದಿದ್ದು, ಆಲ್ಬುಮಿನ್ ಸರಿಯಿದ್ದರೆ ಮೊದಲು ಪಥ್ಯ ಮಾಡಿ ಆಮೇಲೆ ಯೋಚಿಸಬಹುದು.

ಎರಡು ವಾರದ ಪಥ್ಯ

ಇಲ್ಲಿಗೆ ಬಂದ ಮೇಲೆ ಉಳಿಯುವ ಅನುಮಾನ, ತಿನ್ನುತ್ತಿರುವ ಆಹಾರವೇ ಕರುಳಿಗೆ ಒಗ್ಗುತ್ತಿಲ್ಲವೇ ಎಂಬುದು. ಇದಕ್ಕೆ ನಂಬುವಂಥ ರಕ್ತ ಪರೀಕ್ಷೆ ಇಲ್ಲ. ಅಲರ್ಜಿ ಪ್ಯಾನೆಲ್ ಎಂದು ಉದ್ದ ಪಟ್ಟಿಯ ಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ. ತಿನ್ನಿಸಿಯೇ ನೋಡಬೇಕು.

ಎರಡು ದಾರಿ ಇವೆ. ಒಂದು, ನಾಯಿ ಈವರೆಗೆ ತಿಂದೇ ಇಲ್ಲದ ಒಂದು ಪ್ರೋಟೀನು ಮತ್ತು ಒಂದು ಪಿಷ್ಟ. ಚಿಕನ್, ಮೊಟ್ಟೆ, ಮೊಸರು, ಅನ್ನ, ಚಪಾತಿ ತಿಂದು ಬೆಳೆದ ನಾಯಿಗೆ ಮೀನು ಮತ್ತು ಸಿಹಿಗೆಣಸು ಹೊಸದಾಗಬಹುದು. ಇನ್ನೊಂದು ನಾಯಿಗೆ ಕೊಬ್ಬು ತೆಗೆದ ಹಂದಿ ಮಾಂಸ ಮತ್ತು ಆಲೂಗಡ್ಡೆ. ರಸೆಲ್ ಮಾರ್ಕೆಟ್ಟಿನಲ್ಲಿ ಮೀನು ಸಿಗುತ್ತದೆ, ಹಂದಿ ಮಾಂಸಕ್ಕೆ ಬೇರೆ ಅಂಗಡಿ ಹುಡುಕಬೇಕು. ಮುಳ್ಳು, ಮೂಳೆ ಪೂರ್ತಿ ತೆಗೆದು, ಉಪ್ಪು, ಎಣ್ಣೆ, ಅರಿಶಿನ, ಬೆಳ್ಳುಳ್ಳಿ ಏನೂ ಹಾಕದೆ ಚೆನ್ನಾಗಿ ಬೇಯಿಸಿ.

ಇನ್ನೊಂದು ದಾರಿ, ಪ್ರೋಟೀನನ್ನು ಸಣ್ಣ ಚೂರುಗಳಾಗಿ ಒಡೆದು ಮಾಡಿದ ಡಾಗ್ ಫುಡ್. ಚೂರು ಎಷ್ಟು ಸಣ್ಣದೆಂದರೆ ದೇಹದ ರಕ್ಷಣಾ ವ್ಯವಸ್ಥೆಗೆ ಗುರುತೇ ಸಿಗುವುದಿಲ್ಲ. ವೈದ್ಯರ ಚೀಟಿಯ ಮೇಲೆ ಕೊಳ್ಳುವ ಆಹಾರ ಇದು. ಸೋಯಾ ಪ್ರೋಟೀನಿನಿಂದ ಮಾಡಿದ್ದೂ ಇದೆ, ಮನೆಗೆ ಮಾಂಸ ತರದವರಿಗೆ ಅನುಕೂಲ. ದುಬಾರಿ. ಆದರೂ ದುಡ್ಡು ಹೊಂದಿಸಲು ಆಗುವುದಾದರೆ ನಾನು ಇದನ್ನೇ ಹೇಳುತ್ತೇನೆ. ಮನೆ ಅಡುಗೆಯಲ್ಲಿ ಏನೋ ಒಂದು ಸೇರಿಹೋಗುತ್ತದೆ, ಮತ್ತು ಬರೀ ಮಾಂಸ ಗೆಣಸಿನಲ್ಲಿ ಕ್ಯಾಲ್ಸಿಯಂ ಇಲ್ಲ. ಎರಡು ವಾರಕ್ಕೆ ಪರವಾಗಿಲ್ಲ, ತಿಂಗಳುಗಟ್ಟಲೆ ಹಾಕುವುದಾದರೆ ವೈದ್ಯರಿಂದ ಸೇರಿಸಬೇಕಾದ್ದನ್ನು ಬರೆಸಿಕೊಳ್ಳಿ. ಬೆಳೆಯುವ ಮರಿಗೆ ಈ ಮನೆ ಪಥ್ಯ ಬೇಡ. ಅಂಗಡಿಯಲ್ಲಿ ಸುಮ್ನೆ ಸಿಗುವ ‘ಮೀನಿನ’ ಅಥವಾ ‘ಕುರಿಯ’ ಡಾಗ್ ಫುಡ್ಡೂ ಇದಕ್ಕೆ ಆಗುವುದಿಲ್ಲ, ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಬಹಳ ಸಲ ಚಿಕನ್ ಕೊಬ್ಬು ಇರುತ್ತದೆ.

ಹೊಸ ಊಟವನ್ನು ನಾಲ್ಕೈದು ದಿನದಲ್ಲಿ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ. ದಿನದ ಊಟವನ್ನು ಮೂರು ನಾಲ್ಕು ಪಾಲು ಮಾಡಿ. ಪೂರ್ತಿ ಬದಲಾದ ದಿನದಿಂದ ಎರಡು ವಾರ ಎಣಿಸಿ. ಹೊಟ್ಟೆಯ ಲಕ್ಷಣಗಳು ಸುಧಾರಿಸುವುದಿದ್ದರೆ ಇಷ್ಟರಲ್ಲಿ ಕಾಣುತ್ತದೆ.

ಪಥ್ಯ ಮುರಿಯುವುದು ಯಾವಾಗಲೂ ಮನೆಯವರಿಂದಲೇ. ಒಂದು ಬಿಸ್ಕತ್ತು ಸಾಕು, ಎಣಿಕೆ ಮತ್ತೆ ಮೊದಲಿಂದ. ಅಜ್ಜಿಗೆ ‘ಹಾಕಬೇಡಿ’ ಎಂದರೆ ಬೇಜಾರಾಗುತ್ತದೆ. ಅದೇ ಪಥ್ಯದ ಊಟದ ಒಂದು ಡಬ್ಬಿ ಅವರ ಕೈಗೆ ಕೊಟ್ಟು ‘ಅಜ್ಜಿ, ಹಾಕುವುದಾದರೆ ಇದನ್ನೇ ಹಾಕಿ’ ಎಂದರೆ ಕೆಲಸ ಆಗುತ್ತದೆ. ಸೆಕ್ಯುರಿಟಿ ಅಣ್ಣನಿಗೂ ಅದೇ ಉಪಾಯ. ಮಾತ್ರೆಯನ್ನು ಚೀಸ್‌ನಲ್ಲಿ ಸುತ್ತಿ ಕೊಡಬೇಡಿ. ಜಂತಿನ, ಉಣ್ಣೆಯ ಅಗಿಯುವ ಮಾತ್ರೆಗಳಲ್ಲಿ ಮಾಂಸದ ರುಚಿ ಬೆರೆಸಿರುತ್ತಾರೆ, ಈ ಎರಡು ವಾರಕ್ಕೆ ರುಚಿ ಇಲ್ಲದ್ದನ್ನು ಕೇಳಿ. ಮನೆಯಲ್ಲಿ ಬೆಕ್ಕಿದ್ದರೆ ಅದರ ತಟ್ಟೆ ಮೇಲಿಡಿ. ಬೀದಿಯಲ್ಲಿ ಬಾಯಿ ಹಾಕುವ ನಾಯಿಗೆ ಗಾಳಿಯಾಡುವ ಬುಟ್ಟಿ ಮೂತಿಕಟ್ಟು ಹಾಕಿ ನಡೆಸಿ.

ಸುಧಾರಿಸಿದರೆ ಆತುರ ಬೇಡ. ಕನಿಷ್ಠ 12 ವಾರ ಅದೇ ಊಟ. ಆಮೇಲೆ ಹಳೆಯ ಆಹಾರ ಒಂದೊಂದಾಗಿ, ಒಂದಕ್ಕೆ ಒಂದೆರಡು ವಾರದಂತೆ ಸೇರಿಸಿ ನೋಡಿ. ಯಾವುದಕ್ಕೆ ಭೇದಿ ಮರಳಿತೋ ಅದನ್ನು ಶಾಶ್ವತವಾಗಿ ಬಿಡಿ. ಸುಧಾರಿಸದಿದ್ದರೆ ಅಲ್ಲಿಗೇ ಕೈಬಿಡಬೇಡಿ, ಇನ್ನೊಂದು ಬಗೆಯ ಪಥ್ಯ ಮಾಡಿ ನೋಡಿ. ಮೀನಿಗೆ ಒಗ್ಗದ ನಾಯಿ ಚೂರು ಪ್ರೋಟೀನಿಗೆ ಒಗ್ಗುವುದುಂಟು. ದೊಡ್ಡ ಕರುಳಿನ ತೊಂದರೆಯಾದರೆ ನಾರಿನಂಶ, ಅಂದರೆ ಬೇಯಿಸಿದ ಸಿಹಿಕುಂಬಳ ಅಥವಾ ಇಸಬ್‌ಗೋಲ್, ಸ್ವಲ್ಪ ಸ್ವಲ್ಪ ಸೇರಿಸಿದಾಗ ಗುಣ ಕಾಣುತ್ತದೆ. ಮೇದೋಜೀರಕದ ಅನುಮಾನವಿದ್ದರೆ ಕೊಬ್ಬು ಕಡಿಮೆಯಿರುವ ಊಟ ಮುಖ್ಯ.

ಔಷಧಿಗಳ ವಿಷಯ

ಮೆಟ್ರೊನಿಡಜೋಲ್ ಕೊಟ್ಟಾಗ ಕಕ್ಕ ಗಟ್ಟಿಯಾಗುತ್ತದೆ ನಿಜ. ಆದರೆ ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ನಿಲ್ಲಿಸಿದ ಮೇಲೆ ಭೇದಿ ಮರಳುವುದು ಸಾಮಾನ್ಯ. ಜಾಸ್ತಿ ಪ್ರಮಾಣದಲ್ಲಿ, ಜಾಸ್ತಿ ದಿನ ಕೊಟ್ಟರೆ ನಾಯಿ ತೂರಾಡುವಂತೆಯೂ ಆಗಬಹುದು. ಮನೆಯಲ್ಲಿ ಉಳಿದ ಮಾತ್ರೆಯನ್ನು ಮತ್ತೆ ಮತ್ತೆ ನೀವೇ ಕೊಡಬೇಡಿ. ಇದಕ್ಕೊಂದು ಅಪವಾದ ಇದೆ. ಬಾಕ್ಸರ್, ಫ್ರೆಂಚ್ ಬುಲ್‌ಡಾಗ್ ಜಾತಿಯ ಎಳೆಯ ನಾಯಿಗಳಲ್ಲಿ ಬರುವ ಒಂದು ರಕ್ತಭೇದಿಗೆ ಕರುಳಿನ ಗೋಡೆಯೊಳಗೆ ಸೇರಿದ ಬ್ಯಾಕ್ಟೀರಿಯಾ ಕಾರಣ. ಅಲ್ಲಿ ಆ್ಯಂಟಿಬಯಾಟಿಕ್ಕೇ ಮದ್ದು, ಆದರೆ ಕರುಳಿನ ಚೂರು ತೆಗೆದು ನೋಡಿ (ಬಯಾಪ್ಸಿ), ಅದರಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ (ಕಲ್ಚರ್) ಆರಿಸಬೇಕು.

ಜಠರದ ಆ್ಯಸಿಡ್ ಕಡಿಮೆ ಮಾಡುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಎಲ್ಲ ವಾಂತಿಗೂ ಅಲ್ಲ. ಹುಣ್ಣಿನ ಅನುಮಾನವಿದ್ದಾಗ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಅರ್ಧ ಗಂಟೆ ಮುಂಚೆ. ಮೂರು ನಾಲ್ಕು ವಾರ ಮೀರಿ ಕೊಟ್ಟಿದ್ದರೆ ಥಟ್ಟನೆ ನಿಲ್ಲಿಸದೆ ಕಡಿಮೆ ಮಾಡುತ್ತಾ ಬರಬೇಕು. ಭೇದಿ ನಿಲ್ಲಿಸುವ ಲೋಪೆರಮೈಡ್ ಕಾಲಿ (Collie) ಜಾತಿಯ ನಾಯಿಗಳ ಮೆದುಳಿಗೆ ಏರುತ್ತದೆ, ಕೇಳದೆ ಕೊಡಬೇಡಿ. ಜೀರಿಗೆ ಕಷಾಯ, ದಾಳಿಂಬೆ ಸಿಪ್ಪೆ ತರದ ಮನೆಮದ್ದನ್ನೇ ತಿಂಗಳುಗಟ್ಟಲೆ ನಂಬಿ ಕೂತರೆ ಕಾಯಿಲೆ ಬೆಳೆಯುತ್ತದೆ.

ಎಂಡೋಸ್ಕೋಪಿ ಮತ್ತು ಆಮೇಲೆ

ಎರಡು ಪಥ್ಯ ಮುಗಿದೂ ಸುಧಾರಿಸದಿದ್ದರೆ, ಅಥವಾ ಆಲ್ಬುಮಿನ್ ಬಿದ್ದಿದ್ದರೆ, ಕರುಳಿನ ಚೂರು ತೆಗೆದು ನೋಡಬೇಕು. ಪೂರ್ತಿ ಅರಿವಳಿಕೆ ಕೊಟ್ಟು, ಕ್ಯಾಮೆರಾ ಇರುವ ಕೊಳವೆಯನ್ನು ಒಳಗಿಳಿಸಿ ಜಠರ, ಸಣ್ಣ ಕರುಳಿನ ಮೊದಲ ಭಾಗ, ಸಾಧ್ಯವಾದರೆ ಕೊನೆಯ ಭಾಗದಿಂದಲೂ ಸಣ್ಣ ಸಣ್ಣ ಚೂರು ತೆಗೆಯುತ್ತಾರೆ. ಬೆಂಗಳೂರಿನಲ್ಲಿ ಈ ಸೌಲಭ್ಯ ಇರುವ ಖಾಸಗಿ ಆಸ್ಪತ್ರೆಗಳಿವೆ. ಇನ್ನೊಂದು ಅಭಿಪ್ರಾಯ ಬೇಕೆನ್ನುವವರಿಗೆ 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಳಿಗ್ಗೆ ಬೇಗ ಹೋಗಿ, ನಿಮ್ಮ ವೈದ್ಯರ ಪತ್ರ, ಎಲ್ಲ ರಿಪೋರ್ಟ್, ಆ ಡೈರಿ ಒಂದೇ ಫೈಲಿನಲ್ಲಿರಲಿ. ಬಯಾಪ್ಸಿಗೆ ಮುಂಚೆ ಸ್ಟೆರಾಯ್ಡ್ ಶುರು ಮಾಡಬಾರದು. ಮಾಡಿದರೆ ಉರಿಯೂತವೋ ಕ್ಯಾನ್ಸರೋ ಎಂದು ಹೇಳುವುದು ಕಷ್ಟವಾಗುತ್ತದೆ.

ಉರಿಯೂತ ಎಂದು ಖಚಿತವಾದರೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಕೊಡುತ್ತಾರೆ. ನಾಯಿ ವಿಪರೀತ ನೀರು ಕುಡಿಯುತ್ತದೆ, ಮನೆಯೊಳಗೇ ಉಚ್ಚೆ ಹೊಯ್ಯಬಹುದು, ಹಸಿವು ಹೆಚ್ಚಿ ಕಸದ ಬುಟ್ಟಿಗೂ ಬಾಯಿ ಹಾಕುತ್ತದೆ. ಬೈಯಬೇಡಿ, ಅದು ಔಷಧಿಯ ಗುಣ. ರಾತ್ರಿ ಇನ್ನೊಂದು ಸಲ ಹೊರಗೆ ಕರೆದೊಯ್ಯಿರಿ. ಇದರ ಜೊತೆ ನೋವಿನ ಮಾತ್ರೆ ಯಾವುದೂ ಬೇಡ. ಗುಣವಾಯಿತೆಂದು ಒಂದೇ ದಿನ ನಿಲ್ಲಿಸಲೂಬಾರದು. ವೈದ್ಯರು ಎರಡು ಮೂರು ವಾರಕ್ಕೊಮ್ಮೆ ಪ್ರಮಾಣ ಇಳಿಸುತ್ತಾರೆ, ಪಥ್ಯ ಜೊತೆಯಲ್ಲೇ ನಡೆಯಬೇಕು. ಬಿ12 ಕಡಿಮೆಯಿದ್ದ ನಾಯಿಗೆ ವಾರಕ್ಕೊಂದರಂತೆ ಆರು ಇಂಜೆಕ್ಷನ್, ತಿಂಗಳ ನಂತರ ಇನ್ನೊಂದು, ಅದಾದ ಮೇಲೆ ಇನ್ನೊಂದು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಪ್ರಮಾಣ ಇಳಿಸುವಾಗ ಭೇದಿ ಮರಳಿದರೆ ನೀವೇ ಮಾತ್ರೆ ಏರಿಸಬೇಡಿ. ಮೊದಲು ಒಂದು ಡಬ್ಬಿ ಕಕ್ಕ ಲ್ಯಾಬಿಗೆ ಕೊಡಿ, ಆಮೇಲೆ ವೈದ್ಯರಿಗೆ ಫೋನ್ ಮಾಡಿ. ಸ್ಟೆರಾಯ್ಡ್ ತಿನ್ನುವ ನಾಯಿಗೂ ಹೊಸದಾಗಿ ಜಿಯಾರ್ಡಿಯಾ ಹತ್ತುತ್ತದೆ.